ವಿಮೆಗೆ ಸೇರದ ಮಾತ್ರೆಗಳ ಖರ್ಚು: ತಿಂಗಳ ಔಷಧವನ್ನು ಎಲ್ಲಿ, ಹೇಗೆ ಕೊಳ್ಳುವುದು?

ಆರೋಗ್ಯ ವಿಮೆಯ ಕಾರ್ಡು ಮನೆಯಲ್ಲಿದ್ದರೂ ಬಿಪಿ, ಶುಗರ್, ಥೈರಾಯ್ಡ್, ಕೊಲೆಸ್ಟ್ರಾಲ್ ಮಾತ್ರೆಗಳಿಗೆ ತಿಂಗಳು ತಿಂಗಳೂ ಕೈಯಿಂದಲೇ ದುಡ್ಡು ಹಾಕಬೇಕಾಗುವುದು ನಮ್ಮಲ್ಲಿ ಬಹಳಷ್ಟು ಕುಟುಂಬಗಳ ಅನುಭವ. ಸಾಮಾನ್ಯ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗಿನ ವೆಚ್ಚವನ್ನು ಭರಿಸುತ್ತವೆ. ಹೊರರೋಗಿಯಾಗಿ ವೈದ್ಯರನ್ನು ಕಂಡು ಬರೆಸಿಕೊಂಡ ಔಷಧ ಅವುಗಳ ಲೆಕ್ಕಕ್ಕೆ ಬರುವುದಿಲ್ಲ. ಆಯುಷ್ಮಾನ್ ಭಾರತ್ ಯೋಜನೆಯೂ, 70 ವರ್ಷ ದಾಟಿದವರಿಗಾಗಿ 2024ರ ಅಕ್ಟೋಬರ್‌ನಲ್ಲಿ ಬಂದ ವಯ ವಂದನಾ ಕಾರ್ಡೂ ಒಳರೋಗಿಗಳ ಚಿಕಿತ್ಸೆಗಾಗಿಯೇ ಇರುವಂಥವು. ಹೀಗಾಗಿ ಅಗ್ಗದ ದರದಲ್ಲಿ ಔಷಧ ಮಾರುವ, ಕೇಂದ್ರ ಸರ್ಕಾರದ ಯೋಜನೆಯ ಜನೌಷಧಿ ಕೇಂದ್ರಕ್ಕೆ ಹೋಗಲೇ, ಆನ್‌ಲೈನ್‌ನಲ್ಲಿ ತರಿಸಲೇ, ಇಷ್ಟು ವರ್ಷ ಕೊಂಡ ಮೆಡಿಕಲ್ ಶಾಪಿನಲ್ಲೇ ಮುಂದುವರಿಯಲೇ ಎಂಬ ಗೊಂದಲ ಅನೇಕರಿಗಿದೆ. ನನ್ನ ತಾಯಿಯವರ ಐದು ಸಾಲಿನ ಚೀಟಿಯನ್ನು ಹಿಡಿದು ನಾನೂ ಇದೇ ಗೊಂದಲದಲ್ಲಿದ್ದೆ. ಅಂಗಡಿ ಯಾವುದೆಂದು ತೀರ್ಮಾನಿಸುವುದಕ್ಕೆ ಮೊದಲು ಚೀಟಿಯನ್ನು ಸಾಲು ಸಾಲಾಗಿ ಬಿಡಿಸಿ ನೋಡಬೇಕು, ಏಕೆಂದರೆ ಒಂದೇ ಚೀಟಿಯಲ್ಲಿರುವ ಐದು ಔಷಧಗಳಿಗೆ ಬೇರೆ ಬೇರೆ ಉತ್ತರಗಳಿರಬಹುದು ಎಂಬುದು ಆಗ ನನಗೆ ತಿಳಿದುಬಂದ ಮುಖ್ಯ ವಿಷಯ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿಕೊಳ್ಳಿ. ವಿಮೆಗೆ ಒಳಪಡುವುದಿಲ್ಲ ಎಂದು ನಾವು ಭಾವಿಸಿರುವ ಔಷಧವೆಲ್ಲವೂ ನಿಜವಾಗಿ ಹೊರಗುಳಿದಿದೆಯೇ ಎಂದು ಪಾಲಿಸಿಯ ಪತ್ರದಲ್ಲೇ ಓದಿ ನೋಡಿ. ಖಾಸಗಿ ಪಾಲಿಸಿಗಳಲ್ಲಿ ಆಸ್ಪತ್ರೆಗೆ ಸೇರುವ ಮುನ್ನ 30 ಅಥವಾ 60 ದಿನ, ಬಿಡುಗಡೆಯಾದ ಮೇಲೆ 60 ಅಥವಾ 90 ದಿನ ಅದೇ ಕಾಯಿಲೆಗಾಗಿ ಕೊಂಡ ಔಷಧಗಳ ಹಣ ಸಾಮಾನ್ಯವಾಗಿ ವಾಪಸ್ ಸಿಗುತ್ತದೆ. ಆಯುಷ್ಮಾನ್ ಯೋಜನೆಯಲ್ಲಿಯೂ ದಾಖಲಾಗುವ ಮುನ್ನ ಮೂರು ದಿನ ಮತ್ತು ಬಿಡುಗಡೆಯ ನಂತರ ಹದಿನೈದು ದಿನಗಳ ಔಷಧ ಪ್ಯಾಕೇಜಿನೊಳಗೇ ಬರುತ್ತದೆ. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರು ಮೊದಲ ಎರಡು ತಿಂಗಳ ಮಾತ್ರೆಯ ಬಿಲ್ಲುಗಳನ್ನು ಎಸೆದುಬಿಡುವುದನ್ನು ನಾನು ಕಂಡಿದ್ದೇನೆ. ಅದು ಅವರ ಕೈಗೆ ಮರಳಬೇಕಾಗಿದ್ದ ಹಣ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದು ಇಎಸ್‌ಐ ಎಂಬ ನೌಕರರ ರಾಜ್ಯ ವಿಮೆಗೆ ಒಳಪಟ್ಟ ಕಾರ್ಮಿಕರಿಗೂ ಅವರ ಕುಟುಂಬದವರಿಗೂ ಇಎಸ್‌ಐ ಚಿಕಿತ್ಸಾಲಯಗಳಲ್ಲಿ ಹೊರರೋಗಿ ಔಷಧವೂ ಉಚಿತ.

ಯಾವುದನ್ನು ಅಳತೆಗೋಲು ಮಾಡಿಕೊಳ್ಳಬೇಕು

ಮೊದಲನೆಯ ಪ್ರಶ್ನೆ, ಈ ಔಷಧ ತಯಾರಕರ ಬದಲಾವಣೆಯನ್ನು ತಾಳಿಕೊಳ್ಳುತ್ತದೆಯೇ ಎಂಬುದು. ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟಾನ್, ಅಮ್ಲೊಡಿಪಿನ್, ಅಟೋರ್ವಾಸ್ಟಾಟಿನ್ ಮುಂತಾದವನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ರಕ್ತದಲ್ಲಿನ ಪ್ರಮಾಣ ಸ್ವಲ್ಪ ಏರಿಳಿದರೂ ಅಪಾಯವಾಗುವ ಔಷಧಗಳಿವೆ: ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್, ಮನೋರೋಗಕ್ಕೆ ಕೊಡುವ ಲಿಥಿಯಂ, ಮೂತ್ರಪಿಂಡ ಕಸಿಯಾದವರು ತೆಗೆದುಕೊಳ್ಳುವ ಟ್ಯಾಕ್ರೋಲಿಮಸ್, ಹೃದಯಕ್ಕೆ ಕೊಡುವ ಡಿಗಾಕ್ಸಿನ್, ಥೈರಾಯ್ಡಿನ ಥೈರಾಕ್ಸಿನ್. ಇವುಗಳಲ್ಲಿ ಹೊಂದಿಕೊಂಡ ಬ್ರ್ಯಾಂಡನ್ನು ನೂರಿನ್ನೂರು ರೂಪಾಯಿಯ ಆಸೆಗೆ ನಾವಾಗಿಯೇ ಬದಲಿಸಬಾರದು. ವೈದ್ಯರ ಒಪ್ಪಿಗೆಯಿಂದ ಬದಲಿಸಿದರೂ ಮತ್ತೆ ರಕ್ತಪರೀಕ್ಷೆ ಮಾಡಿಸಿ ಪ್ರಮಾಣವನ್ನು ಸರಿಪಡಿಸಿಕೊಳ್ಳಬೇಕಾಗುತ್ತದೆ.

ಎರಡನೆಯದು ಬೆಲೆ. ಇದನ್ನು ರಿಯಾಯಿತಿಯ ಶೇಕಡಾವಾರಿನಲ್ಲಿ ಅಳೆಯದೆ, ಒಂದು ಮಾತ್ರೆಗೆ ಕೊನೆಗೆ ಎಷ್ಟು ಬಿತ್ತು ಎಂದು ಅಳೆಯಿರಿ. ಶೇ 70 ರಿಯಾಯಿತಿ ಎಂದು ಫಲಕ ಹಾಕಿದ ಖಾಸಗಿ ಜನರಿಕ್ (ಹೆಸರಾಂತ ಬ್ರ್ಯಾಂಡಿನದಲ್ಲದ, ಒಳಗಿನ ಅಂಶ ಅದೇ ಆಗಿರುವ ಔಷಧದ) ಅಂಗಡಿಯಲ್ಲಿ ಸ್ಟ್ರಿಪ್ಪಿನ ಮೇಲೆ ಮುದ್ರಿಸಿದ ಎಂಆರ್‌ಪಿಯೇ ದುಬಾರಿಯಾಗಿದ್ದು, ಕಳೆದು ಉಳಿಯುವ ಬೆಲೆ ಪಕ್ಕದ ಅಂಗಡಿಯ ಇನ್ನೊಂದು ಬ್ರ್ಯಾಂಡಿಗಿಂತ ಹೆಚ್ಚೇನೂ ಕಡಿಮೆ ಇರದಿರಬಹುದು. ಬಸ್ಸಿನ ಖರ್ಚು, ಡೆಲಿವರಿ ಶುಲ್ಕ, ಅರ್ಧ ದಿನದ ಕೂಲಿ ಇವೆಲ್ಲವೂ ಬೆಲೆಯ ಭಾಗವೇ. ಮೂರನೆಯದಾಗಿ, ಆ ಔಷಧ ಪ್ರತಿ ತಿಂಗಳೂ ತಪ್ಪದೆ ಸಿಗಬೇಕು. ಬಿಪಿ ಮಾತ್ರೆ ಹತ್ತು ದಿನ ಸಿಗದೆ ನಿಂತುಹೋದರೆ ಆಗುವ ಹಾನಿಯ ಮುಂದೆ ಉಳಿತಾಯ ಏನೂ ಅಲ್ಲ. ನಾಲ್ಕನೆಯದು ಗುಣಮಟ್ಟದ ಭರವಸೆ: ಪರವಾನಗಿ ಇರುವ ಅಂಗಡಿ, ಬ್ಯಾಚ್ ಸಂಖ್ಯೆ ನಮೂದಿಸಿದ ಬಿಲ್ಲು, ಔಷಧವನ್ನು ಇಡಬೇಕಾದ ತಾಪಮಾನ.

ಮೊದಲ ಉಳಿತಾಯ ವೈದ್ಯರ ಕೊಠಡಿಯಲ್ಲೇ

ಔಷಧದಂಗಡಿಯವರೊಂದಿಗೆ ಚೌಕಾಸಿ ಮಾಡಿ ಕಡಿಮೆ ಬೆಲೆಯ ಬ್ರ್ಯಾಂಡ್ ಪಡೆಯಬಹುದೆಂದು ಹಲವರು ಅಂದುಕೊಂಡಿದ್ದಾರೆ. ಆದರೆ ಔಷಧ ನಿಯಮಾವಳಿಯ 65ನೇ ನಿಯಮದ ಪ್ರಕಾರ, ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧಗಳಲ್ಲಿ ವೈದ್ಯರು ಒಂದು ಬ್ರ್ಯಾಂಡಿನ ಹೆಸರು ಬರೆದಿದ್ದರೆ, ಒಳಗಿನ ಅಂಶ ಒಂದೇ ಆಗಿದ್ದರೂ ಅಂಗಡಿಯವರು ಬೇರೊಂದನ್ನು ಕೊಡುವಂತಿಲ್ಲ. ಆದುದರಿಂದ ಬೀಗದ ಕೈ ವೈದ್ಯರ ಬಳಿಯಿದೆ. ಜನರಿಕ್ ಹೆಸರನ್ನು, ಅಂದರೆ ಔಷಧದೊಳಗಿನ ಅಂಶದ ಹೆಸರನ್ನು, ಸ್ಪಷ್ಟವಾಗಿ, ಆದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯರ ನೀತಿಸಂಹಿತೆಗೆ 2016ರಲ್ಲಿಯೇ ತಿದ್ದುಪಡಿಯಾಗಿದೆ. ಇದನ್ನು ಇನ್ನಷ್ಟು ಬಿಗಿಗೊಳಿಸಲು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ತಂದ ನಿಯಮಗಳನ್ನು ವೈದ್ಯರ ವಿರೋಧದಿಂದಾಗಿ ಅದೇ ತಿಂಗಳು ತಡೆಹಿಡಿಯಲಾಯಿತು. ವಿರೋಧಿಸಿದ ವೈದ್ಯರ ಆತಂಕ ಪೂರ್ತಿ ಆಧಾರವಿಲ್ಲದ್ದೆಂದು ನಾನು ಹೇಳಲಾರೆ, ಏಕೆಂದರೆ ಬರೀ ಜನರಿಕ್ ಹೆಸರು ಬರೆದರೆ ಯಾವ ಕಂಪನಿಯದನ್ನು ಕೊಡಬೇಕೆಂಬ ಆಯ್ಕೆ ಅಂಗಡಿಯವರ ಕೈಗೆ ಹೋಗುತ್ತದೆ.

ವೈದ್ಯರನ್ನು ಕೇಳುವುದಕ್ಕೆ ಸಂಕೋಚ ಬೇಡ. "ಸರ್, ತಿಂಗಳಿಗೆ ಇಷ್ಟು ಖರ್ಚಾಗುತ್ತಿದೆ, ಇದರಲ್ಲಿ ಯಾವುದನ್ನು ಜನೌಷಧಿಯಲ್ಲಿ ತೆಗೆದುಕೊಳ್ಳಬಹುದು, ಯಾವುದನ್ನು ಬದಲಿಸಬಾರದು?" ಎಂದು ಮೊತ್ತವನ್ನು ಹೇಳಿಯೇ ಕೇಳಿ. ಇನ್ನು ಬೇಡವಾದ ಮಾತ್ರೆ ಏನಾದರೂ ಚೀಟಿಯಲ್ಲಿ ಉಳಿದುಕೊಂಡಿದೆಯೇ ಎಂಬುದನ್ನೂ ಕೇಳಬೇಕು. ಆರು ತಿಂಗಳ ಹಿಂದೆ ಹೊಟ್ಟೆಯುರಿಗೆ ಬರೆದ ಮಾತ್ರೆ, ಕಾರಣ ಮರೆತುಹೋದ ವಿಟಮಿನ್ ಕ್ಯಾಪ್ಸೂಲ್ ಬಹಳಷ್ಟು ಮನೆಗಳಲ್ಲಿ ಹಾಗೆಯೇ ಮುಂದುವರಿದಿರುತ್ತವೆ. ಹೆಚ್ಚು ಶಕ್ತಿಯ ಮಾತ್ರೆಯ ಬೆಲೆ ಅನೇಕ ಸಲ ದುಪ್ಪಟ್ಟು ಇರುವುದಿಲ್ಲವಾದ್ದರಿಂದ ಅದನ್ನು ಕೊಂಡು ಅರ್ಧ ಮಾಡಿ ನುಂಗುವ ಉಪಾಯವೂ ಇದೆ. ಆದರೆ ನಡುವೆ ಗೆರೆಯಿರುವ ಮಾತ್ರೆಗೆ ಮಾತ್ರ, ಅದೂ ವೈದ್ಯರ ಒಪ್ಪಿಗೆ ಇದ್ದರೆ ಮಾತ್ರ ಇದು ಸರಿ. ಹೆಸರಿನ ಮುಂದೆ ಎಸ್ಆರ್, ಇಆರ್, ಎಕ್ಸ್ಆರ್ ಎಂದಿರುವ, ನಿಧಾನವಾಗಿ ಕರಗುವ ಮಾತ್ರೆಗಳನ್ನು ಮುರಿದರೆ ದಿನವಿಡೀ ಬಿಡುಗಡೆಯಾಗಬೇಕಾದ ಔಷಧ ಒಮ್ಮೆಲೇ ದೇಹಕ್ಕೆ ಸೇರುತ್ತದೆ.

ಔಷಧವನ್ನು ಮಾರುವ ಹಕ್ಕನ್ನು ಮೂಲ ಕಂಪನಿಗೆ ಮಾತ್ರ ಕೊಡುವ ಪೇಟೆಂಟ್ ಮುಗಿಯುವ ದಿನವೂ ನಮಗೆ ಸಂಬಂಧಿಸಿದ್ದೇ. ಶುಗರ್‌ಗೆ ಕೊಡುವ ಎಂಪಾಗ್ಲಿಫ್ಲೋಜಿನ್ ಮೂಲ ಕಂಪನಿಯ ಬ್ರ್ಯಾಂಡಿನಲ್ಲಿ ಒಂದು ಮಾತ್ರೆಗೆ ಸುಮಾರು 60 ರೂಪಾಯಿ ಇತ್ತು. 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿದ ಕೂಡಲೇ ಭಾರತೀಯ ಕಂಪನಿಗಳು ಅದನ್ನೇ ಹತ್ತು ರೂಪಾಯಿಗೂ ಕಡಿಮೆಗೆ ತಂದವು. ಸಿಟಾಗ್ಲಿಪ್ಟಿನ್, ಲಿನಾಗ್ಲಿಪ್ಟಿನ್, ಡಪಾಗ್ಲಿಫ್ಲೋಜಿನ್, ಹೃದಯ ವೈಫಲ್ಯಕ್ಕೆ ಕೊಡುವ ಸಕುಬಿಟ್ರಿಲ್–ವಾಲ್ಸಾರ್ಟಾನ್ ಇವೆಲ್ಲ ಕಳೆದ ಕೆಲವು ವರ್ಷಗಳಲ್ಲಿ ಹೀಗೆಯೇ ಅಗ್ಗವಾಗಿವೆ. ಹಳೆಯ ಚೀಟಿಯನ್ನೇ ತೋರಿಸಿ ಹಳೆಯ ಬ್ರ್ಯಾಂಡನ್ನೇ ಕೊಳ್ಳುತ್ತಿರುವವರಿಗೆ ಇದು ತಿಳಿಯುವುದೇ ಇಲ್ಲ. ನನ್ನ ತಾಯಿಯವರ ಚೀಟಿಯಲ್ಲಿ ಅತಿ ಹೆಚ್ಚು ಹಣ ಉಳಿದದ್ದು ಎಂಪಾಗ್ಲಿಫ್ಲೋಜಿನ್ ಇದ್ದ ಒಂದು ಸಾಲಿನಲ್ಲಿ. ಅದಕ್ಕೆ ಬೇಕಾದದ್ದು ವೈದ್ಯರ ಹತ್ತಿರ ಎರಡು ನಿಮಿಷದ ಮಾತು ಅಷ್ಟೇ.

ಜನೌಷಧಿ ಕೇಂದ್ರ

2008ರ ನವೆಂಬರ್‌ನಲ್ಲಿ ಅಮೃತಸರದಲ್ಲಿ ಮೊದಲ ಮಳಿಗೆ ತೆರೆದ ಈ ಯೋಜನೆ ಕೆಲವು ವರ್ಷ ಕುಂಟುತ್ತಾ ಸಾಗಿ, 2015ರ ನಂತರ ಚುರುಕಾಗಿ, 2023ರ ನವೆಂಬರ್‌ನಲ್ಲಿ 10,000 ಕೇಂದ್ರಗಳ ಗಡಿ ದಾಟಿತು. ಇಲ್ಲಿನ ಬೆಲೆ ಪ್ರಮುಖ ಬ್ರ್ಯಾಂಡುಗಳಿಗಿಂತ ಸಾಮಾನ್ಯವಾಗಿ ಶೇ 50ರಿಂದ 80ರಷ್ಟು ಕಡಿಮೆ. ಉದಾಹರಣೆಗೆ 2022ರಲ್ಲಿ ಸಿಟಾಗ್ಲಿಪ್ಟಿನ್ 50 ಮಿಲಿಗ್ರಾಂನ ಹತ್ತು ಮಾತ್ರೆಗಳನ್ನು ಇಲ್ಲಿ 60 ರೂಪಾಯಿಗೆ ಬಿಡುಗಡೆ ಮಾಡಿದಾಗ, ಹೊರಗೆ ಹೆಸರಾಂತ ಬ್ರ್ಯಾಂಡುಗಳ ಬೆಲೆ 160ರಿಂದ 258 ರೂಪಾಯಿವರೆಗೆ ಇತ್ತು. ಇಷ್ಟು ಅಗ್ಗವಾಗುವುದಕ್ಕೆ ಕಾರಣ ಸರಳ: ಸಗಟು ಟೆಂಡರಿನಲ್ಲಿ ಖರೀದಿ ನಡೆಯುತ್ತದೆ, ಬ್ರ್ಯಾಂಡಿನ ಪ್ರಚಾರದ ಖರ್ಚಿಲ್ಲ, ಮೆಡಿಕಲ್ ರೆಪ್‌ಗಳ ಸಂಬಳವಿಲ್ಲ.

"ಇಷ್ಟು ಅಗ್ಗವಾದರೆ ಕೆಲಸ ಮಾಡುತ್ತದೆಯೇ" ಎಂಬ ಅನುಮಾನ ಸಹಜವಾದದ್ದೇ. ವಿಶ್ವ ಆರೋಗ್ಯ ಸಂಸ್ಥೆಯ ಉತ್ಪಾದನಾ ಮಾನದಂಡದ ಪ್ರಮಾಣಪತ್ರವಿರುವ ತಯಾರಕರಿಂದಲೇ ಖರೀದಿಸಬೇಕು, ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು ಎಂಬುದು ಈ ಯೋಜನೆಯ ನಿಯಮ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಪ್ರಕಟಿಸುವ, ಗುಣಮಟ್ಟವಿಲ್ಲವೆಂದು ಕಂಡುಬಂದ ಬ್ಯಾಚುಗಳ ಪಟ್ಟಿಯನ್ನು ನೋಡಿದರೆ ದುಬಾರಿ ಬ್ರ್ಯಾಂಡುಗಳೂ ಅದರಿಂದ ಪೂರ್ತಿ ಹೊರಗಿಲ್ಲವೆಂದು ತಿಳಿಯುತ್ತದೆ. ಬೆಲೆಯೊಂದೇ ಗುಣಮಟ್ಟದ ಗುರುತಲ್ಲ. ಅನುಮಾನ ಉಳಿದವರು ಅದನ್ನು ಅಳತೆಯಿಂದಲೇ ಪರಿಹರಿಸಿಕೊಳ್ಳಬಹುದು: ಬಿಪಿ ಮಾತ್ರೆ ಬದಲಿಸಿದ ಮೇಲೆ ಎರಡು ಮೂರು ವಾರ ಮನೆಯಲ್ಲೇ ಬಿಪಿ ನೋಡಿ ಬರೆದಿಡಿ, ಶುಗರ್ ಮಾತ್ರೆ ಬದಲಿಸಿದ್ದರೆ ಮೂರು ತಿಂಗಳಿಗೆ ಅಷ್ಟೂ ದಿನಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ ಹಿಂದಿನದರೊಂದಿಗೆ ಹೋಲಿಸಿ.

ಈ ಕೇಂದ್ರಗಳ ನಿಜವಾದ ಕೊರತೆ ದಾಸ್ತಾನಿನದು. ಪಟ್ಟಿಯಲ್ಲಿ ಎರಡು ಸಾವಿರದಷ್ಟು ಔಷಧಗಳಿದ್ದರೂ ನಮ್ಮ ಊರಿನ ಮಳಿಗೆಯಲ್ಲಿ ಅವೆಲ್ಲ ಇರುವುದಿಲ್ಲ. ಎರಡು ಮೂರು ಅಂಶ ಸೇರಿದ ಮಾತ್ರೆಗಳು ಚೀಟಿಯಲ್ಲಿದ್ದರೆ ಅದೇ ಪ್ರಮಾಣದ ಜೋಡಿ ಇಲ್ಲಿ ಸಿಗದೆ ಬಿಡಿಬಿಡಿಯಾಗಿ ಕೊಳ್ಳಬೇಕಾಗಬಹುದು. ಆಗ ದಿನಕ್ಕೆ ನುಂಗುವ ಮಾತ್ರೆಗಳ ಸಂಖ್ಯೆ ಹೆಚ್ಚುತ್ತದೆ, ವಯಸ್ಸಾದವರಿಗೆ ಗೊಂದಲವೂ ಆಗುತ್ತದೆ. ಜನೌಷಧಿ ಸುಗಮ್ ಎಂಬ ಆ್ಯಪಿನಲ್ಲಿ ಹತ್ತಿರದ ಕೇಂದ್ರವನ್ನೂ ಔಷಧದ ಬೆಲೆಯನ್ನೂ ನೋಡಬಹುದು, ಆದರೆ ಹೊರಡುವ ಮುನ್ನ ಅಂಗಡಿಗೆ ಒಂದು ಫೋನ್ ಮಾಡಿ ದಾಸ್ತಾನು ಕೇಳಿಕೊಳ್ಳುವುದು ಮೇಲು. ನಮ್ಮ ರಾಜ್ಯದಲ್ಲಿ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಕೇಂದ್ರಗಳನ್ನು ಮುಚ್ಚಬೇಕೆಂದು 2025ರ ಮೇ ತಿಂಗಳಲ್ಲಿ ಹೊರಟ ಆದೇಶ ಹೈಕೋರ್ಟಿನವರೆಗೂ ಹೋದದ್ದರಿಂದ, ಆಸ್ಪತ್ರೆಯೊಳಗಿನ ಮಳಿಗೆಯನ್ನು ನಂಬಿದವರು ಊರಿನಲ್ಲಿರುವ ಇನ್ನೊಂದು ಕೇಂದ್ರವನ್ನೂ ಗುರುತಿಸಿಟ್ಟುಕೊಳ್ಳಲಿ.

ಸರ್ಕಾರಿ ಆಸ್ಪತ್ರೆಯ ಉಚಿತ ಔಷಧ

ಬಿಪಿ ಮತ್ತು ಶುಗರ್‌ನ ಸಾಮಾನ್ಯ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ, ನಗರಗಳಲ್ಲಿರುವ "ನಮ್ಮ ಕ್ಲಿನಿಕ್" ಎಂಬ ಸರ್ಕಾರಿ ಚಿಕಿತ್ಸಾಲಯಗಳಲ್ಲಿ ಉಚಿತವಾಗಿ ದೊರೆಯುತ್ತವೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು 30 ವರ್ಷ ಮೀರಿದವರನ್ನು ತಪಾಸಣೆ ಮಾಡಿ ಔಷಧ ಕೊಡುವ ಏರ್ಪಾಡಿದೆ. ಕ್ಷಯರೋಗದ ಮತ್ತು ಎಚ್‌ಐವಿಯ ಔಷಧಗಳು ಸರ್ಕಾರಿ ಕೇಂದ್ರಗಳಲ್ಲಿ ಪೂರ್ತಿ ಉಚಿತ. ಇವುಗಳಿಗೆ ಹೊರಗೆ ಹಣ ಕೊಡುತ್ತಿರುವವರಿದ್ದರೆ ದಯವಿಟ್ಟು ಅಲ್ಲಿಗೆ ಕಳುಹಿಸಿ. ಮಾನಸಿಕ ಕಾಯಿಲೆಯ ಔಷಧ ವರ್ಷಗಟ್ಟಲೆ ಬೇಕಾಗುವವರು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಶಿಬಿರವನ್ನು ವಿಚಾರಿಸಬಹುದು.

ಇಲ್ಲಿ ಹಣದ ಬದಲು ಸಮಯ ಖರ್ಚಾಗುತ್ತದೆ. ಸರದಿಯಲ್ಲಿ ನಿಲ್ಲಬೇಕು, ಕೆಲವು ಸಲ ಹದಿನೈದು ದಿನದ ಮಾತ್ರೆ ಕೊಟ್ಟು ಮತ್ತೆ ಬರಲು ಹೇಳುತ್ತಾರೆ, ಪೂರೈಕೆ ನಿಂತರೆ ಹೊರಗೆ ಬರೆದುಕೊಡುತ್ತಾರೆ. 2024ರ ಕೊನೆಯಲ್ಲಿ ಬಳ್ಳಾರಿಯ ಬಾಣಂತಿಯರ ಸಾವಿನ ನಂತರ ಸರ್ಕಾರಿ ಸರಬರಾಜಿನ, ರಕ್ತನಾಳಕ್ಕೆ ಏರಿಸುವ ದ್ರಾವಣಗಳ ಮೇಲೆ ಮೂಡಿದ ಅಪನಂಬಿಕೆ ಬಹಳ ಜನರ ಮನಸ್ಸಿನಲ್ಲಿ ಇನ್ನೂ ಇದೆ, ಅದನ್ನು ಕಡೆಗಣಿಸಿ ಬರೆಯುವುದು ಸರಿಯಲ್ಲ. ಹಾಗಿದ್ದರೂ, ದುಡ್ಡಿಲ್ಲವೆಂದು ಶುಗರ್ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿರುವವರಿಗೆ ಇದಕ್ಕಿಂತ ಉತ್ತಮ ದಾರಿ ಇನ್ನೊಂದಿಲ್ಲ. ಹಾಗೆ ಬಿಟ್ಟು ಬಿಟ್ಟು ನುಂಗುವುದೇ ಈ ಬರಹದಲ್ಲಿ ಬರುವ ಎಲ್ಲ ಆಯ್ಕೆಗಳಿಗಿಂತ ದುಬಾರಿ, ಏಕೆಂದರೆ ಅದರ ಬಿಲ್ಲು ಕಣ್ಣಿಗೆ, ಕಾಲಿಗೆ, ಮೂತ್ರಪಿಂಡಕ್ಕೆ ಬರುತ್ತದೆ.

ಆನ್‌ಲೈನೋ, ಪರಿಚಯದ ಅಂಗಡಿಯೋ

ಆನ್‌ಲೈನ್ ಔಷಧ ಮಾರಾಟಗಾರರು ಅದೇ ಬ್ರ್ಯಾಂಡಿನ ಮೇಲೆ ಸಾಮಾನ್ಯವಾಗಿ ಶೇ 15ರಿಂದ 25ರವರೆಗೆ ರಿಯಾಯಿತಿ ಕೊಡುತ್ತಾರೆ. ಬ್ರ್ಯಾಂಡ್ ಬದಲಿಸಬಾರದಂಥ ಔಷಧಗಳಿಗೆ ಇದು ಒಳ್ಳೆಯ ದಾರಿ, ಏಕೆಂದರೆ ತಯಾರಕರು ಬದಲಾಗದೆ ಬೆಲೆ ಮಾತ್ರ ಇಳಿಯುತ್ತದೆ. ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುವ ಮಕ್ಕಳು ಊರಿನಲ್ಲಿರುವ ತಂದೆತಾಯಿಗೆ ತರಿಸಿಕೊಡುವುದಕ್ಕೂ ಅನುಕೂಲ. ಚೀಟಿಯನ್ನು ಕೇಳದೆಯೇ ಚೀಟಿಯ ಔಷಧ ಕಳುಹಿಸುವ ತಾಣವನ್ನು ಮಾತ್ರ ನಂಬಬೇಡಿ. ಮಾತ್ರೆ ಮುಗಿಯಲು ಹತ್ತು ದಿನ ಇರುವಾಗಲೇ ಆರ್ಡರ್ ಮಾಡಿ. ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿರಬೇಕಾದ ಇನ್ಸುಲಿನ್ನನ್ನು ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕಡೆಗೆ ಹೀಗೆ ತರಿಸುವುದಕ್ಕೆ ನನಗಂತೂ ಧೈರ್ಯವಿಲ್ಲ. ಫ್ರಿಜ್ ಇರುವ ಹತ್ತಿರದ ಅಂಗಡಿಯೇ ವಾಸಿ.

ಇನ್ಸುಲಿನ್ ವಿಷಯದಲ್ಲಿ ಉಳಿತಾಯಕ್ಕೆಂದು ಪೆನ್ನಿನಿಂದ ಬಾಟಲಿಗೆ ಬರುವವರು ಒಂದು ಅಪಾಯವನ್ನು ತಿಳಿದಿರಬೇಕು. ನಮ್ಮಲ್ಲಿ ಬಾಟಲಿಗಳು ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನವು, ಪೆನ್ನಿನ ಕಾರ್ಟ್ರಿಡ್ಜ್‌ಗಳು 100 ಯೂನಿಟ್‌ನವು. 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜನ್ನೂ 100ರದಕ್ಕೆ ಕಿತ್ತಳೆ ಮುಚ್ಚಳದ್ದನ್ನೂ ಬಳಸಬೇಕು. ಅದಲುಬದಲಾದರೆ ಪ್ರಮಾಣ ಎರಡೂವರೆ ಪಟ್ಟು ಹೆಚ್ಚುಕಡಿಮೆಯಾಗಿ ಜೀವಕ್ಕೇ ಕುತ್ತಾಗುತ್ತದೆ. ಆಧುನಿಕ ಅನಲಾಗ್ ಇನ್ಸುಲಿನ್‌ನಿಂದ ಅಗ್ಗದ ಹ್ಯೂಮನ್ ಇನ್ಸುಲಿನ್‌ಗೆ ಬರುವುದಾದರೂ ಪ್ರಮಾಣವನ್ನೂ ಊಟದ ಹೊತ್ತನ್ನೂ ವೈದ್ಯರೇ ಹೊಂದಿಸಿಕೊಡಬೇಕು.

ಪರಿಚಯದ ಮೆಡಿಕಲ್ ಶಾಪನ್ನು ನಾನು ಪಟ್ಟಿಯಿಂದ ತೆಗೆದುಹಾಕುವುದಿಲ್ಲ. ರಾತ್ರಿ ಹತ್ತಕ್ಕೆ ಜ್ವರದ ಔಷಧ, ತಿಂಗಳ ಕೊನೆಯಲ್ಲಿ ಅರ್ಧ ಸ್ಟ್ರಿಪ್, ಎರಡು ಮಾತ್ರೆ ಒಟ್ಟಿಗೆ ನುಂಗಬಾರದೆಂಬ ಎಚ್ಚರಿಕೆ, ಇವು ಅಲ್ಲಿ ಮಾತ್ರ ಸಿಗುತ್ತವೆ. ಕಾಯಂ ಗಿರಾಕಿಗೆ ಶೇ 10ರಷ್ಟು ಬಿಡಲು ಅನೇಕರು ಒಪ್ಪುತ್ತಾರೆ, ಕೇಳಬೇಕಷ್ಟೆ. ಬಿಲ್ಲನ್ನು ನೋಡುವ ಅಭ್ಯಾಸವಿರಲಿ: 2025ರ ಸೆಪ್ಟೆಂಬರ್ 22ರಿಂದ ಔಷಧಗಳ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. 2022ರ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ 384 ಔಷಧಗಳಿಗೆ ಸರ್ಕಾರ ಗರಿಷ್ಠ ದರ ಕಟ್ಟುತ್ತದೆ. ಪಟ್ಟಿಯ ಹೊರಗಿನವುಗಳ ಎಂಆರ್‌ಪಿಯನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಈ ದರಗಳನ್ನು ಫಾರ್ಮಾ ಸಹೀ ದಾಮ್ ಆ್ಯಪಿನಲ್ಲಿ ನೋಡಬಹುದು.

ಕ್ಯಾನ್ಸರಿನಂಥ ದುಬಾರಿ ಚಿಕಿತ್ಸೆ

ಇಲ್ಲಿ ಲೆಕ್ಕವೇ ಬೇರೆ. ರಕ್ತದ ಕ್ಯಾನ್ಸರಿನ ಇಮಾಟಿನಿಬ್‌ಗೆ ಮೂಲ ಕಂಪನಿ ಕೇಳಿದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಿರಸ್ಕರಿಸಿದ್ದರಿಂದಲೇ, ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿದ್ದ ಔಷಧ ಕೆಲವು ಸಾವಿರಕ್ಕೆ ಸಿಗುವ ಸ್ಥಿತಿ ಉಳಿಯಿತು. 2019ರಲ್ಲಿ 42 ಕ್ಯಾನ್ಸರ್ ಔಷಧಗಳ ಮಾರಾಟದ ಲಾಭಾಂಶಕ್ಕೆ ಶೇ 30ರ ಮಿತಿ ಹಾಕಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ 33 ಜೀವರಕ್ಷಕ ಔಷಧಗಳಿಗೆ ಜಿಎಸ್‌ಟಿ ಪೂರ್ತಿ ರದ್ದಾಯಿತು. ಕ್ಯಾನ್ಸರ್, ಹೃದ್ರೋಗದ ಬ್ರ್ಯಾಂಡೆಡ್ ಔಷಧ ಮತ್ತು ಇಂಪ್ಲಾಂಟ್‌ಗಳನ್ನು ರಿಯಾಯಿತಿಗೆ ಮಾರುವ ಅಮೃತ್ ಮಳಿಗೆಗಳನ್ನು ಕೇಂದ್ರ ಸರ್ಕಾರದ ಎಚ್‌ಎಲ್‌ಎಲ್ ಸಂಸ್ಥೆ 2015ರಿಂದ ನಡೆಸುತ್ತಿದೆ. ಜನೌಷಧಿಯ ಪಟ್ಟಿಯಲ್ಲಿಲ್ಲದ ಔಷಧಕ್ಕೆ ಮೊದಲು ಅಲ್ಲಿ ವಿಚಾರಿಸಬೇಕು. ಪೇಟೆಂಟಿನಲ್ಲಿರುವ ಔಷಧವಾದರೆ, ಕೆಲವು ತಿಂಗಳ ಔಷಧ ಕೊಂಡವರಿಗೆ ಮುಂದಿನದನ್ನು ಉಚಿತವಾಗಿ ಕೊಡುವ ನೆರವಿನ ಯೋಜನೆ ಕಂಪನಿಗೆ ಇದೆಯೇ ಎಂದು ಮೊದಲ ಡೋಸ್ ಕೊಳ್ಳುವುದಕ್ಕೆ ಮುಂಚೆಯೇ ವೈದ್ಯರನ್ನೋ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನೋ ಕೇಳಿ. ಕೊಂಡ ನಂತರ ಕೇಳಿದರೆ ಹಿಂದಿನ ಬಿಲ್ಲುಗಳು ಲೆಕ್ಕಕ್ಕೆ ಬಾರದೆ ಹೋಗಬಹುದು.

ತೆರಿಗೆ ಕಟ್ಟುವವರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, ವಿಮೆಯೇ ಇಲ್ಲದ 60 ವರ್ಷ ಮೀರಿದ ತಂದೆತಾಯಿಯ ವೈದ್ಯಕೀಯ ಖರ್ಚಿಗೆ 80ಡಿ ಎಂದು ರೂಢಿಯಲ್ಲಿರುವ ವಿನಾಯಿತಿಯಡಿ 50,000 ರೂಪಾಯಿವರೆಗೆ ಕಳೆಯಬಹುದು. ಹಣವನ್ನು ನಗದಿನಲ್ಲಿ ಕೊಟ್ಟಿರಬಾರದು, ಬಿಲ್ಲು ಇರಬೇಕು. ಹೊಸ ಪದ್ಧತಿಯಲ್ಲಿ ಇದು ಸಿಗುವುದಿಲ್ಲ.

ನಮ್ಮ ಮನೆಯಲ್ಲಿ ಈಗ ತಾಯಿಯವರ ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟಾನ್, ಅಟೋರ್ವಾಸ್ಟಾಟಿನ್ ಜನೌಷಧಿ ಕೇಂದ್ರದಿಂದ ಬರುತ್ತವೆ. ಎಂಪಾಗ್ಲಿಫ್ಲೋಜಿನ್ ವೈದ್ಯರು ಬರೆದುಕೊಟ್ಟ ಅಗ್ಗದ ಬ್ರ್ಯಾಂಡಿನಲ್ಲಿ ಪಕ್ಕದ ಬೀದಿಯ ಅಂಗಡಿಯಿಂದ ಬರುತ್ತದೆ. ಥೈರಾಕ್ಸಿನ್ ಮಾತ್ರ ಹಳೆಯ ಬ್ರ್ಯಾಂಡಿನದೇ. ಅದು ಮೊದಲೇ ಅಗ್ಗ, ಬದಲಿಸಿದರೆ ಉಳಿಯುವುದಕ್ಕಿಂತ ರಕ್ತಪರೀಕ್ಷೆಗೆ ಹೋಗುವುದೇ ಹೆಚ್ಚು. ಮೊದಲ ಸಲ ಒಂದೇ ತಿಂಗಳಿಗಾಗುವಷ್ಟು ಕೊಂಡು, ಹೊಸ ಸ್ಟ್ರಿಪ್ಪುಗಳ ಮೇಲೆ "ಬೆಳಿಗ್ಗೆ ಬಿಪಿ", "ರಾತ್ರಿ ಕೊಲೆಸ್ಟ್ರಾಲ್" ಎಂದು ಕನ್ನಡದಲ್ಲಿ ಬರೆದು ಅಂಟಿಸಿದೆ, ಏಕೆಂದರೆ ಬಣ್ಣ ಬದಲಾದ ಮಾತ್ರೆಯನ್ನು ನೋಡಿ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನುಂಗಿಬಿಡುವ ಅಪಾಯ ವಯಸ್ಸಾದವರಿರುವ ಮನೆಯಲ್ಲಿ ಯಾವಾಗಲೂ ಇರುತ್ತದೆ. ಹಳೆಯ ಸ್ಟ್ರಿಪ್ಪುಗಳನ್ನು ಆ ದಿನವೇ ಅವರ ಡಬ್ಬಿಯಿಂದ ತೆಗೆದಿಟ್ಟೆ.